ನಿಮಗಿದು ಗೊತ್ತೇ? ಪಂಜದ ನಳ್ಳಿ ನೀರು ಗಡಸಲ್ಲ!

ದಕ್ಷಿಣ ಕನ್ನಡದ ಪಂಜ, ಬಳ್ಪ, ಗುತ್ತಿಗಾರು, ನಿಂತಿಕಲ್ಲು, ಬೆಳ್ಳಾರೆ ಕಡೆಯ ಮನೆಗಳಲ್ಲಿ ಈಗ ಗೀಸರ್, ವಾಷಿಂಗ್ ಮೆಷಿನ್, ಇನ್ವರ್ಟರ್, ನೀರು ಶುದ್ಧ ಮಾಡುವ ಯಂತ್ರ ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಕಡಿಮೆ. ಮಾರುವವರು ಹೇಳುವ ಮಾತು ಒಂದೇ: ‘ಗಡಸು ನೀರಿನಿಂದ ಯಂತ್ರ ಹಾಳಾಗುತ್ತದೆ, ಜಾಗ್ರತೆ.’ ಮಾತು ಸುಳ್ಳಲ್ಲ, ಆದರೆ ಅದು ಬಯಲುಸೀಮೆಯ ನೀರಿನ ಮಾತು. ನಮ್ಮ ನೀರಿನ ಗುಣ ಬೇರೆ, ದೋಷ ಬೇರೆ, ಅದಕ್ಕೆ ಬೇಕಾದ ಮದ್ದೂ ಬೇರೆ.

ನೀರು ಗಡಸಾಗುವುದು ಯಾವುದರಿಂದ ಗೊತ್ತೇ? ಅದರಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನಿಂದ. ನಾಲಿಗೆಗೆ ಉಪ್ಪೆನಿಸದ ನೀರೂ ಗಡಸಾಗಿರಬಹುದು. ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 60 ಮಿಲಿಗ್ರಾಂವರೆಗೆ ಮೆದು ನೀರು, 61ರಿಂದ 120 ಸಾಧಾರಣ, 121ರಿಂದ 180 ಗಡಸು, ಅದನ್ನೂ ದಾಟಿದರೆ ತುಂಬ ಗಡಸು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500 ಪ್ರಕಾರ 200 ಮಿಲಿಗ್ರಾಂವರೆಗೆ ಅಡ್ಡಿಯಿಲ್ಲ. ಬೇರೆ ನೀರೇ ಸಿಗದ ಕಡೆ 600ರವರೆಗೆ ಸೈರಿಸಬಹುದು.

ಪಂಜದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೊದಲ ಗುಂಪಿನದು. ಕೊಳವೆಬಾವಿಯ ನೀರು ಅದಕ್ಕಿಂತ ತುಸು ಮೇಲೆ.

ಹೀಗೇಕೆ? ಉತ್ತರ ಮಳೆಯಲ್ಲೂ ಮಣ್ಣಿನಲ್ಲೂ ಇದೆ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಘಟ್ಟದ ಬುಡದ ಪಂಜದ ಕಡೆ 3,500 ಮಿಲಿಮೀಟರಿಗೂ ಮೇಲೆ. ಇಷ್ಟು ಮಳೆ ಸಾವಿರಾರು ವರ್ಷ ಸುರಿದು, ಬಂಡೆ ಕರಗಿ ಮಣ್ಣಾಗುವಾಗ ಅದರಲ್ಲಿದ್ದ ಸುಣ್ಣದ ಅಂಶವನ್ನೆಲ್ಲ ತೊಳೆದು ನೇತ್ರಾವತಿ, ಪಯಸ್ವಿನಿಯ ದಾರಿಯಲ್ಲಿ ಸಮುದ್ರಕ್ಕೆ ಸಾಗಿಸಿದೆ. ಉಳಿದದ್ದು ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ. ನಮ್ಮ ಮುರಕಲ್ಲು ಅದೇ. ಕೆಂಪು ಬಣ್ಣ ಆ ಕಬ್ಬಿಣದ್ದು. ಸುಣ್ಣವೇ ಇಲ್ಲದ ಮಣ್ಣಿನ ಮೂಲಕ ಇಳಿದ ನೀರಿಗೆ ಗಡಸುತನ ಬರುವುದಾದರೂ ಎಲ್ಲಿಂದ?

ಸುಣ್ಣ ಇಲ್ಲದಿರುವುದಕ್ಕೆ ಇನ್ನೊಂದು ಮುಖವಿದೆ. ಯಾವ ಮಾಲಿನ್ಯವೂ ಇಲ್ಲದ ಮಳೆನೀರಿನ ಪಿಎಚ್ ಕೂಡ 7 ಇರುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲವಾಗಿ ಅದು 5.6ರ ಆಸುಪಾಸಿಗೆ ಇಳಿದಿರುತ್ತದೆ. ನೆಲಕ್ಕೆ ಬಿದ್ದ ಮೇಲೆ ತೋಟದ ಸೊಪ್ಪು, ಗುಡ್ಡದ ತರಗೆಲೆ ಕೊಳೆಯುವಲ್ಲಿ ಅದೇ ಅನಿಲ ಮತ್ತಷ್ಟು ಸೇರುತ್ತದೆ. ಸುಣ್ಣವಿರುವ ನೆಲದಲ್ಲಿ ಈ ಆಮ್ಲ ಅಲ್ಲೇ ತಣಿಯುತ್ತದೆ, ಇಲ್ಲಿ ತಣಿಸುವವರಿಲ್ಲ. ಹಾಗಾಗಿ ಮುರಕಲ್ಲು ಪ್ರದೇಶದ ಎಷ್ಟೋ ಬಾವಿಗಳ ಪಿಎಚ್, ಕುಡಿಯುವ ನೀರಿಗೆ ಹೇಳಿದ 6.5ರಿಂದ 8.5ರ ಮಿತಿಯ ಕೆಳಗೇ ಇರುತ್ತದೆ. ಇದು ಕುಡಿದವರಿಗೆ ಕೇಡು ಮಾಡುವ ಹುಳಿಯಲ್ಲ. ಮಜ್ಜಿಗೆ, ಪುನರ್ಪುಳಿ ಸಾರು ಇದಕ್ಕಿಂತ ಎಷ್ಟೋ ಪಾಲು ಹುಳಿ. ಕಷ್ಟಪಡುವುದು ಲೋಹ.

ನಿಮ್ಮ ನೀರು ಮೆದುವೋ ಗಡಸೋ ಎಂದು ಐದು ನಿಮಿಷದಲ್ಲಿ ತಿಳಿಯಬಹುದು, ಗೊತ್ತೇ? ಎರಡು ಒಂದೇ ಥರದ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ನಳ್ಳಿ ನೀರು. ಎರಡಕ್ಕೂ ಒಂದೇ ಅಳತೆಯ ಬಾರ್ ಸೋಪಿನ ತುರಿ ಹಾಕಿ ಚೆನ್ನಾಗಿ ಕುಲುಕಿ. ಗಡಸು ನೀರಾದರೆ ನೊರೆ ಬೇಗ ಕುಸಿದು, ಮೊಸರೊಡೆದ ಹಾಗೆ ಬಿಳಿ ಗಸಿ ತೇಲುತ್ತದೆ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ವಸ್ತುವಾಗುವುದರಿಂದ ಹೀಗೆ. ಪಂಜದಲ್ಲಿ ಎರಡೂ ಬಾಟಲಿಯ ನೊರೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುವ ಸಾಧ್ಯತೆಯೇ ಹೆಚ್ಚು. ಪರೀಕ್ಷೆಗೆ ಬಟ್ಟೆ ಒಗೆಯುವ ಪುಡಿ ಬೇಡ. ಡಿಟರ್ಜೆಂಟಿನ ನೊರೆ ಗಡಸು ನೀರಿಗೆ ಅಷ್ಟು ಬೇಗ ಸೋಲುವುದಿಲ್ಲ.

ಅಂಟುವಾಳದ ನೊರೆ ಗಡಸು ನೀರಿನಲ್ಲೂ ಗಸಿ ಕಟ್ಟುವುದಿಲ್ಲ. ಅದರ ನೊರೆಕಾರಕವಾದ ಸಪೋನಿನ್, ಸೋಪಿನಂತೆ ಕ್ಯಾಲ್ಸಿಯಂಗೆ ಸಿಕ್ಕಿಬೀಳುವುದಿಲ್ಲ. ಮದುವೆಯಾಗಿ ಬೆಂಗಳೂರಿಗೆ ಹೋದ ಮಗಳು ‘ಇಲ್ಲಿ ತಲೆಗೂದಲು ಒರಟಾಗುತ್ತದೆ’ ಎಂದರೆ ಊರಿನಿಂದ ಒಂದು ಕಟ್ಟು ಕಳಿಸಿಕೊಡಿ.

ನೀರು ಪೈಪಿಗೆ ಸುಣ್ಣ ಬಳಿಯುತ್ತದೋ ಅಥವಾ ಪೈಪನ್ನೇ ತಿನ್ನುತ್ತದೋ ಎಂದು ಲೆಕ್ಕ ಹಾಕಿ ಹೇಳಬಹುದು, ಗೊತ್ತೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲ್ಫ್ರೆಡ್ ಲ್ಯಾಂಗ್ಲಿಯರ್ 1936ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಪಿಎಚ್, ಕ್ಯಾಲ್ಸಿಯಂ, ಕ್ಷಾರೀಯತೆ, ಉಷ್ಣತೆ, ಕರಗಿದ ಲವಣ ಇಷ್ಟು ಗೊತ್ತಿದ್ದರೆ ಸಾಕು. ಉತ್ತರ ಸೊನ್ನೆಗಿಂತ ಮೇಲೆ ಬಂದರೆ ನೀರು ಸುಣ್ಣ ಕಟ್ಟುತ್ತದೆ. ಕೆಳಗೆ ಬಂದರೆ ಸುಣ್ಣವನ್ನು ಕರಗಿಸಿಕೊಳ್ಳಲು ಹವಣಿಸುತ್ತದೆ, ಲೋಹದ ಮೇಲೆ ಕಾಪಿನ ಪದರ ಕೂರಲು ಬಿಡುವುದಿಲ್ಲ. ವಿಜಯಪುರ, ಗದಗ, ಚಿತ್ರದುರ್ಗದ ಕೊಳವೆಬಾವಿಗಳಲ್ಲಿ ಸುಣ್ಣ ಕಟ್ಟುವ ನೀರು ಸಾಮಾನ್ಯ. ಕ್ಯಾಲ್ಸಿಯಂ ಕಡಿಮೆ, ಕ್ಷಾರೀಯತೆ ಕಡಿಮೆ, ಪಿಎಚ್ ಕಡಿಮೆ ಎಂಬ ಮೂರೂ ಒಟ್ಟಿಗೆ ಸೇರಿದ ನಮ್ಮ ಬಾವಿನೀರಿನ ಲೆಕ್ಕ ಸೊನ್ನೆಯ ಕೆಳಗೆ ಇಳಿಯುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಕವಲುಗಳು.

ಗೀಸರಿನಿಂದಲೇ ಶುರುಮಾಡೋಣ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ತದ್ವಿರುದ್ಧ, ಬಿಸಿ ಏರಿದಷ್ಟೂ ಅದು ನೀರಿನಿಂದ ಹೊರಬರುತ್ತದೆ. ಆದ್ದರಿಂದಲೇ ಗಡಸು ನೀರಿನ ಊರಲ್ಲಿ ಅದು ಮೊದಲು ಕೂರುವುದು ಅತಿ ಬಿಸಿಯಾದ ಜಾಗದಲ್ಲಿ, ಅಂದರೆ ಕಾಯಿಲಿನ ಮೈಮೇಲೆ. ತಾಮ್ರ ಶಾಖವನ್ನು ದಾಟಿಸುವಷ್ಟು ಸಲೀಸಾಗಿ ದಾಟಿಸುವುದು ಈ ಸುಣ್ಣದ ಪದರಕ್ಕೆ ಆಗದು, ಎರಡಕ್ಕೂ ನೂರಾರು ಪಟ್ಟು ಅಂತರ. ಶಾಖ ಒಳಗೇ ಸಿಕ್ಕಿಕೊಂಡು ಕಾಯಿಲು ಸುಟ್ಟುಹೋಗುತ್ತದೆ.

ಪಂಜದಲ್ಲಿ ಕಾಯಿಲು ಸಾಯುವ ರೀತಿಯೇ ಬೇರೆ. ಕಾಯಿಲಿನ ಒಳಗೆ ನಿಕ್ರೋಮ್ ತಂತಿ, ಅದರ ಸುತ್ತ ವಿದ್ಯುತ್ ದಾಟದಂತೆ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಹೊರಗೆ ತಾಮ್ರದ ಅಥವಾ ನಿಕಲ್ ಮಿಶ್ರಲೋಹದ ಕವಚ. ಆಮ್ಲೀಯ ನೀರು ತಾಮ್ರದ ಕವಚವನ್ನು ಚುಕ್ಕೆ ಚುಕ್ಕೆಯಾಗಿ ತಿನ್ನಬಲ್ಲದು. ಸೂಜಿಮೊನೆಯಷ್ಟು ತೂತಾದರೂ ನೀರು ಒಳಗಿನ ಪುಡಿಗೆ ಇಳಿಯುತ್ತದೆ, ಕರೆಂಟು ನೀರಿಗೆ ಬರುತ್ತದೆ. ಗೀಸರ್ ಸ್ವಿಚ್ ಹಾಕಿದ ಕೂಡಲೇ, ಕರೆಂಟು ಸೋರಿದರೆ ತಾನಾಗಿ ಕಡಿಯುವ ಇಎಲ್‌ಸಿಬಿ ಟ್ರಿಪ್ ಆಗುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಕಾಯಿಲನ್ನು. ಟ್ರಿಪ್ ಆಗುತ್ತದೆಂದು ಅದನ್ನು ತಪ್ಪಿಸಿ ನೇರ ಲೈನ್ ಕೊಡಿಸಿಕೊಳ್ಳುವುದು ಪ್ರಾಣಕ್ಕೆ ಎರವಾಗುವ ಕೆಲಸ, ಯಾರೂ ಮಾಡಬೇಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಗೀಸರೇ ಬೇಡ. ಕೊಳ್ಳುವಾಗ ಕಾಯಿಲಿನ ಕವಚ ಯಾವುದರದ್ದೆಂದು ಕೇಳಿ. ನಮ್ಮ ನೀರಿಗೆ ನಿಕಲ್ ಮಿಶ್ರಲೋಹದ್ದು ತಾಮ್ರಕ್ಕಿಂತ ವಾಸಿ.

ಗಾಜಿನ ಲೇಪದ ಟ್ಯಾಂಕಿರುವ ಗೀಸರಿನೊಳಗೆ ಸವೆದು ಹೋಗುವುದಕ್ಕೆಂದೇ ಇಟ್ಟ ಒಂದು ಲೋಹದ ಸರಳಿದೆ, ಗೊತ್ತೇ? ಹೆಚ್ಚಾಗಿ ಮೆಗ್ನೀಸಿಯಂನದು. ಉಕ್ಕಿಗಿಂತ ಬೇಗ ತುಕ್ಕುಗೊಳ್ಳುವ ಲೋಹವನ್ನು ಜೊತೆಗಿಟ್ಟರೆ ನೀರು ಮೊದಲು ಅದನ್ನು ತಿನ್ನುತ್ತದೆ, ಟ್ಯಾಂಕ್ ಉಳಿಯುತ್ತದೆ. ಈ ಉಪಾಯ ಹೊಳೆದದ್ದು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿಗೆ, 1824ರಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದೆಸಿದ ತಾಮ್ರದ ತಗಡು ಸಮುದ್ರದ ನೀರಿಗೆ ಸವೆಯುತ್ತಿತ್ತು. ಡೇವಿ ಅದಕ್ಕೆ ಕಬ್ಬಿಣದ, ಸತುವಿನ ತುಂಡುಗಳನ್ನು ತಾಗಿಸಿ ಸವೆತ ನಿಲ್ಲಿಸಿದರು. ಅದೇ ವಿದ್ಯೆ ಇವತ್ತು ನಮ್ಮ ಬಚ್ಚಲಿನ ಗೋಡೆಯಲ್ಲಿ ನೇತಾಡುತ್ತಿದೆ. ಸರಳು ಮುಗಿದ ಮೇಲೆ ಸರದಿ ಟ್ಯಾಂಕಿನದು. ವರ್ಷ ಎರಡು ವರ್ಷಕ್ಕೊಮ್ಮೆ ಸರ್ವಿಸಿನವರಿಂದ ಅದನ್ನು ಬಿಚ್ಚಿಸಿ ನೋಡಿ. ಸವೆದಿದ್ದರೆ ಬದಲಿಸಲು ಹೇಳಿ. ಗೀಸರಿನ ಬೆಲೆಯ ಮುಂದೆ ಆ ಸರಳಿನದು ಸಣ್ಣ ಖರ್ಚು.

ವಾಷ್‌ಬೇಸಿನ್ನಿನಲ್ಲಿ ನಳ್ಳಿ ತೊಟ್ಟಿಕ್ಕುವ ಕಡೆ ನೀಲಿ-ಹಸುರು ಗೆರೆ ಬಿದ್ದಿದೆಯೇ? ಅದು ಪಾಚಿಯಲ್ಲ. ಹಿತ್ತಾಳೆ ನಳ್ಳಿಯಿಂದ ಅಥವಾ ತಾಮ್ರದ ಕೊಳವೆಯಿಂದ ಕರಗಿ ಬಂದ ತಾಮ್ರ. ನೀರು ಆಮ್ಲೀಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಳೆಯ ಜಿಐ ಪೈಪಿನ ಮನೆಗಳಲ್ಲಿ ಮೊದಲು ಹೋಗುವುದು ಸತುವಿನ ಲೇಪ, ಆಮೇಲೆ ಕಬ್ಬಿಣ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಬೆಳಗ್ಗೆ ಕಂದಾಗಿ ಬರುವುದು ಇದಕ್ಕೇ. ಈಗ ಹೆಚ್ಚಿನವರು ಪಿವಿಸಿ, ಸಿಪಿವಿಸಿ ಹಾಕಿಸುತ್ತಾರೆ. ನಮ್ಮ ನೀರಿಗೆ ಅದು ಸರಿಯಾದ ಆಯ್ಕೆ. ಆದರೆ ನಳ್ಳಿ, ವಾಲ್ವ್, ಜೋಡಣೆಯ ತುಂಡುಗಳು ಇನ್ನೂ ಲೋಹದವೇ. ಬೆಳಗ್ಗೆ ಮೊದಲು ಬಂದ ನೀರನ್ನು ಒಂದು ಬಕೆಟಿಗೆ ಹಿಡಿದು ಗಿಡಕ್ಕೆ ಹಾಕಿ, ಆಮೇಲಿನದ್ದನ್ನು ಅಡುಗೆಗೆ ಬಳಸಿ. ಗೀಸರಿನ ಬಿಸಿನೀರನ್ನು ‘ಬೇಗ ಕುದಿಯುತ್ತದೆ’ ಎಂದು ಚಹಾಕ್ಕೂ ಅನ್ನಕ್ಕೂ ಹಿಡಿಯುವುದು ಬೇಡ. ಬಿಸಿನೀರಿನಲ್ಲಿ ಲೋಹ ಹೆಚ್ಚು ಕರಗಿರುತ್ತದೆ.

ಪೈಪು ತಿನ್ನುವ ನೀರನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆಂದು ಅಮೆರಿಕದ ಫ್ಲಿಂಟ್ ನಗರ ಕಂಡಿದೆ. ಮಿಷಿಗನ್ ರಾಜ್ಯದ ಈ ಊರು ಹಣ ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿಕೊಂಡಿತು. ಆ ನೀರಿಗೆ ಲೋಹ ತಿನ್ನುವ ಗುಣವಿತ್ತು. ಅದನ್ನು ತಡೆಯುವ ಫಾಸ್ಫೇಟನ್ನು ಸೇರಿಸಲಿಲ್ಲ. ಹಳೆಯ ಪೈಪುಗಳ ಸೀಸ ಕರಗಿ ಮಕ್ಕಳ ರಕ್ತಕ್ಕೆ ಸೇರಿತು. 2015ರ ಅಕ್ಟೋಬರಿನಲ್ಲಿ ಮತ್ತೆ ಹಳೆಯ ಮೂಲಕ್ಕೇ ಮರಳಬೇಕಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ 1859ರಿಂದ ಲಾಕ್ ಕ್ಯಾಟ್ರಿನ್ ಸರೋವರದ ನೀರು ಬರುತ್ತಿದೆ. ನಮ್ಮದರಂತೆಯೇ ಅತಿ ಮೆದು ನೀರು. ಅಲ್ಲಿಯೂ ಸೀಸದ ಪೈಪುಗಳ ತೊಂದರೆ ಬಹುಕಾಲ ಕಾಡಿತು. ನಮ್ಮಲ್ಲಿ ಸೀಸದ ಪೈಪು ಇಲ್ಲ ಎಂಬುದು ದೊಡ್ಡ ಸಮಾಧಾನ.

ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ರೂಢಿಯಿದೆಯೇ? ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 2 ಮಿಲಿಗ್ರಾಂ ತಾಮ್ರ. ಗಡಸು ನೀರಿಗಿಂತ ಆಮ್ಲೀಯ ಮೆದು ನೀರು ತಾಮ್ರವನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಒಂದು ರಾತ್ರಿ ಸಾಕು, ದಿನಗಟ್ಟಲೆ ಇಡಬೇಡಿ. ಅಡುಗೆಯ ತಾಮ್ರ-ಹಿತ್ತಾಳೆ ಪಾತ್ರೆಗಳಿಗೆ ಅಜ್ಜಿಯಂದಿರು ಕಲಾಯಿ ಹಾಕಿಸುತ್ತಿದ್ದದ್ದು ಈ ಕರಗುವಿಕೆಯನ್ನು ತವರದ ಪದರದಿಂದ ತಡೆಯಲಿಕ್ಕೆ.

ಸಿಮೆಂಟಿನ ಟ್ಯಾಂಕಿಯ ಒಳಮೈ ಕೆಲವು ವರ್ಷಗಳಲ್ಲಿ ಒರಟಾಗಿ, ಕೈ ಆಡಿಸಿದರೆ ಮರಳು ಉದುರುತ್ತದೆ. ಸುಣ್ಣದ ಹಸಿವಿರುವ ನೀರು ಸಿಮೆಂಟಿನೊಳಗಿನ ಸುಣ್ಣವನ್ನೇ ಕರಗಿಸಿ ತೆಗೆದಿರುತ್ತದೆ.

ಕೊಳವೆಬಾವಿಯಿಂದ ಸ್ಫಟಿಕದಂತೆ ಬಂದ ನೀರು ಬಕೆಟಿನಲ್ಲಿ ಒಂದು ರಾತ್ರಿ ಕಳೆದರೆ ಕೆಂಪಾಗುತ್ತದೆ, ಏಕೆ ಗೊತ್ತೇ? ನೆಲದಾಳದಲ್ಲಿ ಆಮ್ಲಜನಕವಿಲ್ಲ. ಅಲ್ಲಿ ಕಬ್ಬಿಣ ಕರಗಿದ ರೂಪದಲ್ಲಿ, ಬಣ್ಣವಿಲ್ಲದೆ ಇರುತ್ತದೆ. ಮೇಲೆ ಬಂದು ಗಾಳಿ ತಾಗಿದ ಮೇಲೆ ಮೆಲ್ಲಗೆ ಕರಗದ ರೂಪಕ್ಕೆ ತಿರುಗಿ ಕೆಂಪು ಗಸಿಯಾಗುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆ, ಟೈಲ್ಸ್, ಕಮೋಡಿನ ಮೇಲೆ ಕಲೆ ಬೀಳಲು ಶುರು. ಬಾಯಿಗೆ ಲೋಹದ ರುಚಿ. ಚಹಾ ಮಾಡಿದರೆ ಕಪ್ಪು ಮಸಿಯಂಥ ಬಣ್ಣ, ಏಕೆಂದರೆ ಚಹಾದ ಒಗರು ಕಬ್ಬಿಣದ ಜೊತೆ ಸೇರಿದರೆ ಮಸಿಯೇ ಆಗುತ್ತದೆ. ಹಸಿ ಅಡಿಕೆ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಹಾಗಾಗಿ ಗಟ್ಟಿ ಚಹಾ ಡಿಕಾಕ್ಷನನ್ನು ಒಂದು ಲೋಟ ಹೊಸ ನೀರಿಗೆ ಬೆರೆಸಿ ನೋಡುವುದು ಕಬ್ಬಿಣ ಪತ್ತೆಹಚ್ಚುವ ಹಳೆಯ, ಇಂದಿಗೂ ನಂಬಬಹುದಾದ ಮನೆಪರೀಕ್ಷೆ.

ನಮ್ಮಲ್ಲಿ ಕಬ್ಬಿಣದ ನೀರು ಬೇಗ ತಿಳಿಯಾಗದಿರಲು ಕಾರಣ ಮತ್ತದೇ ಆಮ್ಲೀಯತೆ. ಪಿಎಚ್ ಒಂದು ಅಂಕ ಇಳಿದರೆ ಕಬ್ಬಿಣ ಗಾಳಿಯೊಂದಿಗೆ ಸೇರುವ ವೇಗ ಸುಮಾರು ನೂರು ಪಟ್ಟು ತಗ್ಗುತ್ತದೆ. ಪಿಎಚ್ 7ರಲ್ಲಿ ಬೇಗನೆ ಮುಗಿಯುವ ಕೆಲಸ 6ರಲ್ಲಿ ದಿನಗಟ್ಟಲೆ ಎಳೆಯಬಹುದು. ಆದ್ದರಿಂದ ಫಿಲ್ಟರ್ ಕೂರಿಸುವ ಮೊದಲು ಎರಡು ಸುಲಭದ ಕೆಲಸಗಳಿವೆ. ಒಂದು, ಟ್ಯಾಂಕಿಗೆ ನೀರು ಬೀಳುವಲ್ಲಿ ಪೈಪಿನ ತುದಿಗೆ ಶವರಿನಂತೆ ತೂತುಗಳ ಮುಚ್ಚಳ ಹಾಕಿ ಎತ್ತರದಿಂದ ಚಿಮುಕಿಸಿ ಬೀಳುವಂತೆ ಮಾಡುವುದು. ಇದರಿಂದ ಆಮ್ಲಜನಕ ಒಳಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ. ಎರಡು, ನೀರನ್ನು ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಹರಳು ತುಂಬಿದ ಪಾತ್ರೆಯ ಮೂಲಕ ಹಾಯಿಸುವುದು. ಹಸಿದ ನೀರು ಸುಣ್ಣವನ್ನು ಅಲ್ಲೇ ಉಂಡು ತಣಿಯುತ್ತದೆ, ಮನೆಯ ಲೋಹ ಉಳಿಯುತ್ತದೆ. ಆಮೇಲೆ ಗಸಿ ಇಳಿಯಲು ಬಿಟ್ಟು ಮರಳಿನ ಫಿಲ್ಟರಿನಲ್ಲಿ ಸೋಸಿದರಾಯಿತು. ಬಯಲುಸೀಮೆಯಲ್ಲಿ ಜನ ಹಣ ಕೊಟ್ಟು ನೀರಿನಿಂದ ಸುಣ್ಣ ತೆಗೆಸುತ್ತಾರೆ. ಪಂಜದಲ್ಲಿ ಹಣ ಕೊಡುವುದಾದರೆ ನೀರಿಗೆ ಚೂರು ಸುಣ್ಣ ಸೇರಿಸಲಿಕ್ಕೆ ಕೊಡಬೇಕು!

ತೋಟದ ಕಣಿಯಲ್ಲಿ ನಿಂತ ನೀರಿನ ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ಪೊರೆ ಕಂಡು ‘ಯಾರೋ ಡೀಸೆಲ್ ಚೆಲ್ಲಿದ್ದಾರೆ’ ಎನ್ನುವವರಿದ್ದಾರೆ. ಕಡ್ಡಿಯಿಂದ ಕದಡಿ ನೋಡಿ. ಪೊರೆ ಒಡೆದು ಚೂರುಚೂರಾಗಿ ಬೇರೆ ಬೇರೆಯೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಮತ್ತೆ ಹರಿದು ಒಂದಾದರೆ ಎಣ್ಣೆ. ಹನಿ ನೀರಾವರಿಯ ತೂತುಗಳಲ್ಲಿ, ಸ್ಪ್ರಿಂಕ್ಲರ್ ಮೂತಿಯಲ್ಲಿ, ವಾಷಿಂಗ್ ಮೆಷಿನ್ನಿಗೆ ನೀರು ಹೋಗುವಲ್ಲಿನ ಸಣ್ಣ ಜಾಲರಿಯಲ್ಲಿ ಕಟ್ಟುವ ಕಂದು ಲೋಳೆಯೂ ಇವುಗಳದ್ದೇ. ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ‘ನೀರು ಏರುತ್ತಿಲ್ಲ’ ಎಂಬ ಎಷ್ಟೋ ರಿಪೇರಿ ತಪ್ಪುತ್ತದೆ.

ಬಿಳಿ ಮುಂಡಿನ ಮೇಲಿನ ತುಕ್ಕಿನ ಕಲೆಗೆ ಬ್ಲೀಚಿಂಗ್ ಹಾಕಬಾರದು, ಏಕೆ ಗೊತ್ತೇ? ಕ್ಲೋರಿನ್ ಕಬ್ಬಿಣವನ್ನು ಮತ್ತಷ್ಟು ತುಕ್ಕಾಗಿಸಿ ಕಲೆಯನ್ನು ಗಟ್ಟಿಮಾಡುತ್ತದೆ. ತುಕ್ಕು ಹೋಗುವುದು ಆಮ್ಲಕ್ಕೆ. ಹಿತ್ತಿಲಿನ ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳ, ಕಬ್ಬಿಣವನ್ನು ಹಿಡಿದು ಕರಗಿಸುವುದರಲ್ಲಿ ಅದು ಎತ್ತಿದ ಕೈ. ಕಲೆಯ ಮೇಲೆ ಬಿಂಬುಳಿ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಲಿಂಬೆ ಮತ್ತು ಉಪ್ಪು ಕೂಡ ಆಗುತ್ತದೆ.

ಬಟ್ಟೆ ಒಗೆಯುವ ಪುಡಿಯ ಪೊಟ್ಟಣದ ಮೇಲಿನ ಅಳತೆ ಗಡಸು ನೀರಿನ ಊರುಗಳನ್ನೂ ಲೆಕ್ಕಕ್ಕೆ ಹಿಡಿದು ಬರೆದದ್ದು. ಪುಡಿಯ ಒಂದು ಪಾಲು ವ್ಯಯವಾಗುವುದು ಕ್ಯಾಲ್ಸಿಯಂ ಅನ್ನು ಸುಮ್ಮನಿರಿಸುವುದರಲ್ಲಿ. ನಮ್ಮ ನೀರಿನಲ್ಲಿ ಆ ಕೆಲಸವೇ ಇಲ್ಲ. ಹೇಳಿದ್ದರ ಅರ್ಧದಿಂದ ಶುರುಮಾಡಿ, ಬೇಕಾದರೆ ಏರಿಸಿ. ಪುಡಿ ಜಾಸ್ತಿಯಾದರೆ ನೊರೆ ತುಂಬಿ, ಮೆಷಿನ್ ತಾನಾಗಿ ಮತ್ತೊಂದು ಸಲ ಜಾಲಿಸುತ್ತದೆ. ನೀರೂ ಹೋಯಿತು, ಕರೆಂಟೂ ಹೋಯಿತು.

ಮೈಗೆ ಸೋಪು ಹಚ್ಚಿ ತೊಳೆದರೂ ಜಾರುತ್ತಲೇ ಇರುವುದು ಸೋಪು ಹೋಗಿಲ್ಲವೆಂದಲ್ಲ, ನೀರು ಮೆದು ಎಂದು.

ಈಗ ಆರ್‌ಓ ವಿಷಯ. ಇದನ್ನು ಒತ್ತಿ ಹೇಳಬೇಕು. ಆರ್‌ಓ ಇರುವುದು ಕರಗಿದ ಲವಣ ಅತಿಯಾದ ನೀರಿಗೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಇರುವ ಕಡೆ ಮನೆಬಳಕೆಯ ಆರ್‌ಓ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ನಮ್ಮ ತೆರೆದ ಬಾವಿಗಳಲ್ಲಿ ಟಿಡಿಎಸ್ 100 ಮುಟ್ಟದಿರುವುದೇ ಹೆಚ್ಚು. ಮೊದಲೇ ಖನಿಜ ಕಡಿಮೆಯಿರುವ ನೀರಿನಿಂದ ಇದ್ದಷ್ಟನ್ನೂ ತೆಗೆದು, ಪಿಎಚ್ ಮತ್ತೂ ತಗ್ಗಿಸಿ, ಒಂದು ಲೀಟರಿಗೆ ಎರಡು-ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮನೆಗೆ ಬಂದು ಮಾರುವವರು ಎರಡು ಲೋಟ ನೀರಿಗೆ ಕರೆಂಟಿನ ಕಡ್ಡಿ ಇಳಿಸಿ, ‘ನೋಡಿ, ನಿಮ್ಮ ನೀರಿನ ಕೊಳೆ’ ಎಂದು ಕಂದು ಗಸಿ ತೋರಿಸುವುದನ್ನು ಕಂಡಿದ್ದೀರಾ? ಆ ಗಸಿ ನೀರಿನದ್ದಲ್ಲ, ಕಡ್ಡಿಯದ್ದು. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಆ ಕಬ್ಬಿಣ ಕರಗುತ್ತದೆ. ಆರ್‌ಓ ನೀರಿನಲ್ಲಿ ಲವಣವಿಲ್ಲ, ವಿದ್ಯುತ್ ಹರಿಯುವುದಿಲ್ಲ, ಅದಕ್ಕೇ ಅದು ತಿಳಿ. ಆರ್‌ಓ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸಲು ಹೇಳಿ. ಆ ಲೋಟವೂ ಕಂದಾಗುತ್ತದೆ.

ಅವರ ಕೈಯ ಪೆನ್ನಿನಂಥ ಟಿಡಿಎಸ್ ಮೀಟರ್ ಗಡಸುತನವನ್ನೂ ಅಳೆಯುವುದಿಲ್ಲ, ಪಿಎಚ್ಚನ್ನೂ ಅಳೆಯುವುದಿಲ್ಲ, ರೋಗಾಣುವನ್ನಂತೂ ಇಲ್ಲವೇ ಇಲ್ಲ. ವಿದ್ಯುತ್ ಎಷ್ಟು ಹರಿಯುತ್ತದೆಂದು ನೋಡಿ ಲವಣದ ಅಂದಾಜು ಹೇಳುತ್ತದೆ, ಅಷ್ಟೇ.

ನೀರು ಮೆದು ಮಾಡುವ ಸಾಫ್ಟನರ್ ಯಂತ್ರದ ಹಿಂದಿನ ವಿದ್ಯೆ ಜರ್ಮನಿಯ ರಾಬರ್ಟ್ ಗಾನ್ಸ್ ಅವರದ್ದು, 1905ರ ಸುಮಾರಿಗೆ. ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುವುದು ಅದರ ಕೆಲಸ. ಹಿಡಿಯಲು ಕ್ಯಾಲ್ಸಿಯಂ ಇಲ್ಲದ ಊರಿನಲ್ಲಿ ಅದು ಬೇಡ.

ಹಾಗಾದರೆ ಪಂಜದ ಕುಡಿಯುವ ನೀರಿಗೆ ಏನೂ ಬೇಡವೇ? ಬೇಕು, ರೋಗಾಣುಗಳಿಗೆ. ಆಟಿ ತಿಂಗಳಲ್ಲಿ ಹಟ್ಟಿ, ಗುಂಡಿ, ಗದ್ದೆಯ ನೀರೆಲ್ಲ ಬಾವಿಯತ್ತ ಇಳಿಯುತ್ತದೆ. ಚೆನ್ನಾಗಿ ಕುದಿಸಿ ಆರಿಸಿದ ನೀರಿಗೆ ಸಮನಾದದ್ದು ಇಲ್ಲ. ಯುವಿ ಯಂತ್ರವೂ ಆಗುತ್ತದೆ, ಆದರೆ ಕಬ್ಬಿಣದ ನೀರಾದರೆ ದೀಪದ ಗಾಜಿನ ಕೊಳವೆಗೆ ಕಂದು ಲೇಪ ಕೂತು ಬೆಳಕು ನೀರಿಗೆ ದಾಟುವುದಿಲ್ಲ. ಯಂತ್ರ ಓಡುತ್ತಿರುತ್ತದೆ, ಕೆಲಸ ಆಗುತ್ತಿರುವುದಿಲ್ಲ. ಕಬ್ಬಿಣ ತೆಗೆದ ಮೇಲೆಯೇ ಯುವಿ.

ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಗಡಸುತನಕ್ಕೆ ಆರೋಗ್ಯದ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆ ಮಿತಿಯನ್ನೇ ಹಾಕಿಲ್ಲ. ಕಲ್ಲಿಗೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು.

ತೊಗರಿಬೇಳೆ ಬೆಂಗಳೂರಿನ ಬೋರ್ ನೀರಿನಲ್ಲಿ ಬೇಗ ಬೇಯದಿರುವುದು ನಿಜ. ಕ್ಯಾಲ್ಸಿಯಂ ಕಾಳಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿಮಾಡುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬಾರದ ನಮ್ಮ ಕಡೆ ಇನ್ವರ್ಟರ್ ಅಗತ್ಯದ ವಸ್ತು. ಅದರ ಬ್ಯಾಟರಿಗೆ ‘ನಮ್ಮ ಬಾವಿನೀರು ಅಷ್ಟು ಶುದ್ಧ’ ಎಂದು ಬಾವಿನೀರು ಹೊಯ್ಯುವವರು ಇದನ್ನು ಓದಲೇಬೇಕು. ಬ್ಯಾಟರಿಗೆ ಗಡಸುತನಕ್ಕಿಂತ ಕೆಟ್ಟ ವೈರಿ ಕಬ್ಬಿಣ. ಒಳಹೊಕ್ಕ ಕಬ್ಬಿಣ ಒಂದು ತಟ್ಟೆಯ ಬಳಿ ಒಂದು ರೂಪಕ್ಕೂ ಇನ್ನೊಂದರ ಬಳಿ ಮತ್ತೊಂದು ರೂಪಕ್ಕೂ ತಿರುಗುತ್ತ, ಯಾರೂ ಬಳಸದಿದ್ದರೂ ಚಾರ್ಜನ್ನು ಸೋರಿಸುತ್ತಲೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ.

ಅಡಿಕೆಗೆ ಸಿಂಪಡಿಸುವ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ಕತ್ತಿ ಅದ್ದಿ ನೋಡುವ ಕ್ರಮ ತೋಟದವರಿಗೆಲ್ಲ ಗೊತ್ತು. ಕತ್ತಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಡಿಕೆಯ ಕೊಳೆರೋಗದ ಮೇಲೆ ಈ ದ್ರಾವಣದ ಪ್ರಯೋಗವನ್ನು ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ನಡೆಸಿದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕತ್ತಿಗೆ ತಾಮ್ರ ಕೂರುವುದು, ಬೇಸಿನ್ನಿಗೆ ನೀಲಿ ಗೆರೆ ಬೀಳುವುದು, ಗೀಸರಿನ ಸರಳು ಸವೆಯುವುದು ಮೂರೂ ಒಂದೇ ರಸಾಯನದ ಮೂರು ಆಟ.

ಸುರಂಗದ ನೀರಿಗೆ ಪುತ್ತೂರು, ಸುಳ್ಯ, ಬಂಟ್ವಾಳ, ಕಾಸರಗೋಡಿನಲ್ಲಿ ಎಷ್ಟು ಬೆಲೆಯೆಂಬುದು ನಮಗೆ ಗೊತ್ತು. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಒಬ್ಬರೇ ಗುಡ್ಡ ಕೊರೆದು ನೀರು ತಂದ ಸಾಹಸಕ್ಕೆ. ಮುರಕಲ್ಲಿನ ಗುಡ್ಡ ಮಳೆನೀರನ್ನು ಹೀರಿಕೊಂಡು ನಿಧಾನಕ್ಕೆ ಬಿಡುವ ನೀರಿದು. ಮೆದುವಾಗಿರುತ್ತದೆ, ಆಮ್ಲೀಯವೂ ಆಗಿರಬಹುದು. ಇದನ್ನು ಮನೆಗೆ ತರಲು ಪಾಲಿಥಿನ್ ಪೈಪೇ ಮೇಲು.

ನಿಮ್ಮ ನೀರನ್ನು ಊರಲ್ಲೇ ಪರೀಕ್ಷಿಸಬಹುದು, ಗೊತ್ತೇ? 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’, ಇದರಡಿ ಪ್ರತಿ ಗ್ರಾಮದಲ್ಲೂ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಪಿಎಚ್, ಗಡಸುತನ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಎಲ್ಲ ಅದರಲ್ಲಿ ಬರುತ್ತದೆ. ರೋಗಾಣು ಇದ್ದರೆ ಕಪ್ಪಾಗುವ ಸಣ್ಣ ಬಾಟಲಿಯೂ ಇರುತ್ತದೆ. ಆ ಬಾಟಲಿಯ ಪರೀಕ್ಷೆಯನ್ನು 1982ರಲ್ಲಿ ರೂಪಿಸಿದವರು ಭಾರತದ ವಿಜ್ಞಾನಿಗಳೇ. ಪಂಚಾಯತಿನಲ್ಲಿ ಕೇಳಿ, ಕಿಟ್ ಎಲ್ಲಿದೆ, ಯಾರು ಕಲಿತಿದ್ದಾರೆ ಎಂದು. ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ನೋಡಿಸಿದರೆ ಬೇಸಗೆಯ ನೀರು ಯಾವುದು, ಮಳೆಗಾಲದ್ದು ಯಾವುದು ಎಂದು ಗೊತ್ತಾಗುತ್ತದೆ.

ಪೇಟೆಯ ಲ್ಯಾಬಿಗೆ ಕಳಿಸುವುದಾದರೆ ಒಂದು ಎಚ್ಚರಿಕೆ. ನಮ್ಮ ನೀರಿನ ಹುಳಿ ಬಹುಪಾಲು ಕರಗಿದ ಇಂಗಾಲದ ಡೈಆಕ್ಸೈಡಿನದು. ಅರ್ಧ ತುಂಬಿದ ಬಾಟಲಿಯಲ್ಲಿ ಅದು ದಾರಿಯಲ್ಲೇ ಹಾರಿಹೋಗಿ ಪಿಎಚ್ ಏರಿರುತ್ತದೆ, ಕಬ್ಬಿಣ ತಳಕ್ಕೆ ಕೂತಿರುತ್ತದೆ. ವರದಿಯಲ್ಲಿ ನೀರು ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಬಾಟಲಿಯ ಕಂಠದವರೆಗೆ ಗಾಳಿಗುಳ್ಳೆ ಇಲ್ಲದಂತೆ ತುಂಬಿ, ಬಿಗಿಯಾಗಿ ಮುಚ್ಚಿ ಅದೇ ದಿನ ತಲುಪಿಸಿ. ಪಿಎಚ್ಚನ್ನು ಮಾತ್ರ ಬಾವಿಕಟ್ಟೆಯ ಬಳಿಯೇ ನೋಡಿಸಿ.